ಥರ್ಮಾಮೀಟರಿಗೆ ಸಿಗದ ಮಂಡೆಬಿಸಿ

ಮಾನ್ಯ ವೈದ್ಯಾಧಿಕಾರಿಗಳೇ,

ಈ ತಿಂಗಳ ಕೊನೆಯ ಭಾನುವಾರ ನಮ್ಮ ಡೊಂಬಿವಲಿಯ ಕನ್ನಡ ಸಂಘದಲ್ಲಿ ತಾವು ‘ಒತ್ತಡಮುಕ್ತ ಬದುಕು’ ಎಂಬ ವಿಷಯದ ಮೇಲೆ ಉಪನ್ಯಾಸ ಕೊಡುತ್ತೀರಂತೆ. ಆಮಂತ್ರಣ ನಮ್ಮ ಮನೆಗೂ ಬಂತು. ಓದಿ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡ ರಮಾಕಾಂತರ ಕೆಲಸ ಕಳೆದ ಕೈಗೆ ನಮ್ಮವರೇ ಹೂಗುಚ್ಛ ಕೊಡುವ ಮೊದಲು ನಾಲ್ಕು ಮಾತು ಎಲ್ಲರೆದುರು ಆಡಿಬಿಡೋಣವೆಂದು ಸಂಘದ ಈ ಮಾಸಿಕದಲ್ಲೇ ಬರೆಯುತ್ತಿದ್ದೇನೆ. ತಮಗೆ ಕನ್ನಡ ಬರುವುದಿಲ್ಲವೆಂದು ಗೊತ್ತು. ಯಾರಿಂದಾದರೂ ಹಿಂದಿಯಲ್ಲಿ ಹೇಳಿಸಿಕೊಳ್ಳಿ. ಹೇಳುವವರ ಬಾಯಲ್ಲಿ ಒಂದೆರಡು ಶಬ್ದ ಕೆಟ್ಟರೆ ಕೆಡಲಿ, ಆ ಕಷ್ಟ ಹೇಗಿರುತ್ತದೆಂದು ತಮಗೂ ಸ್ವಲ್ಪ ತಿಳಿಯಬೇಕು.

ನೆನಪಿದೆಯೇ, 2011ರ ಮಳೆಗಾಲ? ತಾವು ಡಾಕ್ಟರಾಗಿದ್ದ ರಬಾಳೆಯ ಕಾರ್ಖಾನೆಯಲ್ಲಿ ಅರ್ಧ ಜನರನ್ನು ತೆಗೆದು, ಉಳಿದವರಿಗೆ ಒಬ್ಬೊಬ್ಬರಿಗೆ ಎರಡೆರಡು ಮಶೀನು ಕಟ್ಟಿದರಲ್ಲ, ಆಗ. ನನ್ನ ಗಂಡನಿಗೆ ಒಂದು ವಾರ ಹಗಲು ಪಾಳಿಯಾದರೆ ಮರುವಾರ ರಾತ್ರಿ ಪಾಳಿ. ಮೊದಲು ನಿದ್ರೆ ಹೋಯಿತು, ಆಮೇಲೆ ಊಟ, ಕಡೆಗೆ ಮಾತೂ ನಿಂತಿತು. ಕೆಲಸ ಮುಗಿದರೂ ಸ್ಟೇಷನ್ನಿನ ಬೆಂಚಿನಲ್ಲಿ ಕೂತು, ಬಂದ ಲೋಕಲ್ ರೈಲನ್ನೆಲ್ಲ ಹತ್ತದೆ ಬಿಡುತ್ತಿದ್ದರು. ಯಾಕೆ ಎಂದರೆ, ಏಳಲಿಕ್ಕೆ ಆಗುವುದಿಲ್ಲ ಎನ್ನುತ್ತಿದ್ದರು. ತಮ್ಮ ಬಳಿ ಹೋಗಿ ಎಂದು ಕಳಿಸಿದವಳು ನಾನೇ. ಕಂಪನಿಯ ಡಾಕ್ಟರು, ದೊಡ್ಡ ಓದಿನವರು, ಏನಾದರೂ ದಾರಿ ತೋರಿಸಿಯಾರು ಎಂದು ನಂಬಿದ್ದೆ.

ಉಡುಪಿ ಕಡೆಯವರಾದ ನಮ್ಮಲ್ಲಿ ಚಿಂತೆ ತಲೆಗೇರಿ ಕೂತರೆ ಮಂಡೆಬಿಸಿ ಎನ್ನುತ್ತೇವೆ, ಮನೆಯ ತುಳುವಿನಲ್ಲಿ ಮಂಡೆಬೆಚ್ಚ. ಅದಕ್ಕೂ ಜ್ವರಕ್ಕೂ ಸಂಬಂಧವಿಲ್ಲ, ಸಿಟ್ಟಿಗೂ ಇಲ್ಲ. ನಮ್ಮ ಮನೆಯ ಪುಣ್ಯಾತ್ಮರು ಇದ್ದ ಮಾತನ್ನು ಇದ್ದ ಹಾಗೇ ಹಿಂದಿಗೆ ತಿರುಗಿಸಿದರು: “ಸಾಬ್, ಮೇರಾ ಸರ್ ಬಹುತ್ ಗರಮ್ ರೆಹ್ತಾ ಹೈ.” ತಾವು ಕಂಕುಳಿಗೆ ಥರ್ಮಾಮೀಟರು ಇಟ್ಟಿರಿ. ಜ್ವರವಿಲ್ಲ. ಹಾಗಾದರೆ ತಲೆ ಯಾವಾಗ ಗರಂ ಆಗುತ್ತದೆ ಎಂದು ಕೇಳಿದಿರಿ. ಮಶೀನಿನ ಮುಂದೆ ನಿಂತಾಗ ಜಾಸ್ತಿ ಎಂದರು. ಹಿಂದಿಯಲ್ಲಿ ತಲೆ ಗರಂ ಎಂದರೆ ಸಿಟ್ಟಲ್ಲವೇ, ಅಷ್ಟೇ ಸಾಕಾಯಿತು ತಮಗೆ. ‘ಜ್ವರವಿಲ್ಲ, ಸಿಡುಕು ಸ್ವಭಾವ, ಯಂತ್ರದ ಬಳಿ ಅಪಾಯಕಾರಿ’ ಎಂದು ಬರೆದು ಸಹಿ ಜಡಿದಿರಿ. ಇರುವೆ ಕಂಡರೂ ದಾಟಿ ನಡೆಯುವ ಮನುಷ್ಯ ಸ್ವಾಮೀ ಅವರು! ಆ ಸಹಿ ತೋರಿಸಿಯೇ ಅವರನ್ನು ಮನೆಗೆ ಕಳಿಸಿದರು.

ಇನ್ನೊಂದು ಪ್ರಶ್ನೆ ಕೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ನಿದ್ರೆ ಬರುತ್ತದೆಯೇ, ಊಟ ಸೇರುತ್ತದೆಯೇ, ಬದುಕು ಸಾಕೆನಿಸುತ್ತದೆಯೇ ಎಂದು ಕೇಳಲು ಯಾವ ಭಾಷೆ ಅಡ್ಡ ಬಂದಿತ್ತು? ಆಮೇಲೆ ನಾವು ಹೋದ ಠಾಣೆಯ ಸರಕಾರಿ ಆಸ್ಪತ್ರೆಯ ಮನೋವೈದ್ಯೆಗೂ ಕನ್ನಡ ಬರುತ್ತಿರಲಿಲ್ಲ. ಆದರೆ ಆಕೆ ನಮ್ಮನ್ನು ಕೂರಿಸಿ ಕೇಳಿದರು, ಅರ್ಥವಾಗದ್ದನ್ನು ಮತ್ತೆ ಕೇಳಿದರು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಗಾಬರಿಯಾದಾಗ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತವೆ. ಅದು ಬೇಕೇಬೇಕು, ಇಲ್ಲದಿದ್ದರೆ ಮನುಷ್ಯ ಬದುಕುವುದೇ ಕಷ್ಟ. ಗಾಬರಿ ಕಳೆದ ಮೇಲೆ ಮಿದುಳು ಸಾಕು ಎನ್ನಬೇಕು. ತಿಂಗಳುಗಟ್ಟಲೆ ಒತ್ತಡದಲ್ಲಿ ಬೆಂದವರಲ್ಲಿ ಕೆಲವರಿಗೆ ಈ ‘ಸಾಕು’ ಎನ್ನುವ ಏರ್ಪಾಡೇ ಸಡಿಲವಾಗುತ್ತದೆ. ದಿವಾ ಫಾಟಕದ ರೈಲ್ವೆ ಗೇಟಿನಲ್ಲಿ ರೈಲು ಹೋದರೂ ಗಂಟೆ ಹೊಡೆಯುತ್ತಲೇ ಇದ್ದರೆ ಹೇಗೋ ಹಾಗೆ ಎಂದರು. ಆಗ ನಿದ್ರೆ, ಹಸಿವು, ನೆನಪು ಎಲ್ಲಕ್ಕೂ ಪೆಟ್ಟು. ಖಿನ್ನತೆಗೂ, ವಿಪರೀತ ಆತಂಕದಂಥ ಬೇರೆ ಮನೋರೋಗಗಳಿಗೂ ಇದರ ನಂಟಿದೆಯಂತೆ. ಎಲ್ಲರಲ್ಲೂ ಹೀಗೇ ಅಲ್ಲ, ಕಾರಣ ಇದೊಂದೇ ಅಲ್ಲ, ರಕ್ತ ನೋಡಿ ಖಿನ್ನತೆ ಇದೆ ಇಲ್ಲ ಎಂದು ಹೇಳಲೂ ಆಗದು ಎಂದರು. ರಕ್ತ ಪರೀಕ್ಷೆಗೇ ಸಿಗದ್ದನ್ನು ತಾವು ಕಂಕುಳಲ್ಲಿ ಹುಡುಕಿದಿರಿ.

ಮದ್ದು, ಮಾತು, ರಾತ್ರಿ ನಿದ್ರೆ, ಹೀಗೆ ನನ್ನ ಗಂಡ ನಿಧಾನವಾಗಿ ಚೇತರಿಸಿಕೊಂಡರು. ಒಂದು ಬೆಳಿಗ್ಗೆ ನೀರುದೋಸೆಯ ಚಟ್ನಿಗೆ ಉಪ್ಪಿಲ್ಲ ಎಂದು ಗೊಣಗಿದಾಗ ನಾನು ಒಳಗೆ ಹೋಗಿ ಸಂತೋಷಕ್ಕೆ ಅತ್ತೆ. ಈಗ ಗುಣವಾಗಿದ್ದಾರೆ, ದುಡಿಯುವ ಆಸೆಯಿದೆ. ಆದರೆ ಎಲ್ಲಿ ಕೆಲಸ ಕೇಳಿದರೂ ಹಳೆಯ ಕಂಪನಿಗೆ ಫೋನು ಹೋಗುತ್ತದೆ, ಅಲ್ಲಿಂದ ತಮ್ಮ ‘ಅಪಾಯಕಾರಿ’ ಹೊರಬರುತ್ತದೆ. ತಿದ್ದಿಕೊಡಿ ಎಂದು ತಮ್ಮ ಬಾಗಿಲಿಗೆ ಎಷ್ಟು ಸಲ ಬಂದೆ, ಲೆಕ್ಕವಿಟ್ಟಿಲ್ಲ. “ಟೆನ್ಶನ್ ಮತ್ ಲೋ” ಎಂದು ನಗುತ್ತಾ ಕಳಿಸಿದಿರಿ. ಆ ನಗುವನ್ನು ನಾನು ಮರೆತಿಲ್ಲ, ಮರೆಯುವವಳೂ ಅಲ್ಲ.

ಸಂಘದ ಕಾರ್ಯದರ್ಶಿ ಮುರಾರಿಯವರಿಗೆ ನನ್ನ ಸಿಟ್ಟು ಗೊತ್ತು. “ಗಲಾಟೆ ಬೇಡ ಮಾರಾಯ್ತಿ, ಬೇಕಾದ್ರೆ ಕಾರ್ಯಕ್ರಮವೇ ಕ್ಯಾನ್ಸಲ್ ಮಾಡುವ” ಎಂದರು. ನಾನು, “ಅವ್ರು ಬರ್ಲೇಬೇಕು. ಇಷ್ಟು ವರ್ಷ ನಾನು ಅವ್ರ ಬಾಗಿಲಿಗೆ ಹೋದೆ, ಈಗ ಅವ್ರು ನಮ್ಮ ಬಾಗಿಲಿಗೆ ಬರ್ತಿದ್ದಾರೆ” ಎಂದೆ.

ಆದ್ದರಿಂದ ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ನನ್ನ ಬೇಡಿಕೆ ಇಷ್ಟೇ. ವೇದಿಕೆ ಹತ್ತಿದ ಕೂಡಲೇ, ರಮಾಕಾಂತರಿಗೆ ಇದ್ದದ್ದು ಸಿಡುಕಲ್ಲ, ಕಾಯಿಲೆ, ಈಗ ಗುಣವಾಗಿದೆ ಎಂದು ತಮ್ಮ ಕೈಯಾರೆ ಬರೆದು, ಸಹಿ ಹಾಕಿ, ಮೈಕಿನಲ್ಲಿ ಓದಿ. ಆಮೇಲೆ ಒತ್ತಡದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಒಲ್ಲೆ ಎಂದರೆ ಮೊದಲ ಸಾಲಿನಲ್ಲಿ ನಾವಿಬ್ಬರೂ ಕೂತಿರುತ್ತೇವೆ, ನಾನು ಎದ್ದು ಈ ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ. ಆಗ ತಮ್ಮ ಗಂಟಲು ಒಣಗೀತು, ಎದೆ ಹೊಡೆದುಕೊಂಡೀತು, ಸಭೆಯಲ್ಲಿ ಯಾರ ಮುಖ ನೋಡಲೂ ಆಗದೆ ಹೋದೀತು. ಹೆದರಬೇಡಿ. ಥರ್ಮಾಮೀಟರು ತಂದಿರುತ್ತೇನೆ. ಕಂಕುಳಲ್ಲಿಟ್ಟು ನೋಡಿ, ತಮಗೇನೂ ಆಗಿಲ್ಲವೆಂದು ಸಭೆಗೆ ನಾನೇ ಹೇಳುತ್ತೇನೆ.

ಇಂತಿ,
ಜ್ವರವಿಲ್ಲದವನ ಹೆಂಡತಿ
ಜಯಲತಾ
ಡೊಂಬಿವಲಿ ಪೂರ್ವ