ರಾವೂರ ಖಣಿಯ ಬಂಕರ್

ಶಹಾಬಾದ
ತಾ. 12-12-2024, ಗುರುವಾರ

ಐಶ್ವರ್ಯಾನ ಅಪ್ಪಾರಿಗೆ ಶಿವಗಂಗಾ ಮಾಡೂ ಶರಣು ಶರಣಾರ್ಥಿ.

ನಾವಿಬ್ಬರೂ ಇಲ್ಲಿ ಅರಾಮ ಅದೀವಿ. ನೀವು ಸೋಲಾಪುರದಾಗ ಅರಾಮ ಅದೀರಿ ಅಂತ ತಿಳಕೊಂಡೀನಿ. ರವಿವಾರಕ್ಕೊಮ್ಮೆ ಫೋನಿನ್ಯಾಗ ನೀವು "ಹೂಂ, ಅರಾಮ" ಅಂತೀರಿ, ನಾನೂ "ಹೂಂ, ಅರಾಮ" ಅಂತೀನಿ, ಅಷ್ಟರಾಗ ನೀವು "ಇಡ್ಲಾ?" ಅಂತೀರಿ. ದೀಪಾವಳಿ ದಿನ ಮಾತ್ರ "ಮಿಷನ್ ಸಪ್ಪಳ ಒಂದೇ ಸಮ ಕೇಳ್ಲಿಕತ್ತದ, ಏನು ಹೊಲೀಲಿಕತ್ತೀ?" ಅಂತ ಕೇಳಿದ್ರಿ. "ಆಮ್ಯಾಲ ಹೇಳ್ತೀನಿ" ಅಂದೆ. ಹಾಂಗಂದು ಒಂದೂವರಿ ತಿಂಗಳಾಗ್ಲಿಕ್ಕ ಬಂತು. ಸಿಟ್ಟಾಗಬ್ಯಾಡ್ರಿ. ಇದು ಫೋನಿನ್ಯಾಗ ಹೇಳೂ ಮಾತಲ್ಲ, ಹೇಳಿದ್ರ ನೀವು ಅರ್ಧಕ್ಕೇ ಇಟ್ಟುಬಿಡ್ತೀರಿ. ಕಾಗದ ಅಂದ್ರ ಅರ್ಧಕ್ಕ ಮಡಚಿಟ್ರೂ ಮರುದಿನ ತಗದು ಓದಬಹುದು.

ಐಶ್ವರ್ಯಾ ಚಿತ್ತಾಪುರದ ದವಾಖಾನಿಗೆ ಮುಂಜಾನಿ ಗಾಡಿಗೆ ಹೋಗಿ ಸಂಜಿ ಗಾಡಿಗೆ ಬರ್ತಾಳ. ನರ್ಸಿನ ಬಿಳಿ ಅಂಗಿ ಹಾಕಿಕೊಂಡು ಹೊಂಟ್ರ ಥೇಟ ನಿಮ್ಮ ನಡಿಗಿ. ಮಜೀದಸಾಬ ಮಾಸ್ತರ ಕಣ್ಣಿನ ಆಪರೇಶನ್ ಆಯ್ತು, ಆದ್ರೂ ಸೂಜಿಗೆ ದಾರ ಪೋಣಿಸಲಿಕ್ಕ ಬರವಲ್ದು. ಹೊಲಿಗಿ ಅಂಗಡಿ ಮುಂದ ಕುರ್ಚಿ ಹಾಕಿಕೊಂಡು ಕೂಡ್ತಾರ, ನಾ ಹೋದಾಗೆಲ್ಲ "ಫೌಜಿ ಸಾಬ ಹೆಂಗದಾರ?" ಅಂತ ನಿಮ್ಮನ್ನ ಕೇಳ್ತಾರ.

ಈ ಕೆಲಸ ತಂದವರೂ ಅವರೇ. ದೀಪಾವಳಿಗೆ ವಾರ ಇತ್ತು. ನನಗ ಕತ್ತರಿ ಹಿಡೀಲಿಕ್ಕ ಕಲಿಸಿದ ಮಾಸ್ತರು ಒಬ್ಬ ಹುಡುಗಿನ್ನ ಕರಕೊಂಡು ಬಂದು, "ಬೇಟಿ, ಈಕಿಗೆ ಫೌಜಿನ ಕಪಡಾ ಬೇಕಂತ. ನನಗ ಹೊಲಿಗಿ ಟಾಕಿ ಕಾಣಂಗಿಲ್ಲ. ನೀ ಫೌಜಿ ಸಾಬನ ಅಂಗಿ ಒಗದು ಇಸ್ತ್ರಿ ಮಾಡಿದಾಕಿ, ನೀನೇ ಹೊಲಿ" ಅಂದರು.

ಹುಡುಗಿ ಹೆಸರು ಸಪ್ನಾ, ಸೇಡಮ್ಮಿನಾಕಿ. ಮೂವತ್ತರ ಆಸುಪಾಸು ವಯಸ್ಸು. ಸಿನಿಮಾ ಮಾಡ್ಲಿಕತ್ತಾಳ ಅಂದ್ರ ನಾ ನಂಬಲಿಲ್ಲ. ರಾವೂರ ಹತ್ತಿರ ಒಂದು ಹಾಳು ಖಣಿ ಅದಲ್ಲ, ಕಲ್ಲು ತಗದು ತಗದು ಬಿಟ್ಟಿದ್ದು, ಅದರ ತಳದಾಗ ಚೀಲ ಪೇರಿಸಿ ಬಂಕರ್ ಕಟ್ಟಿದ್ರು. ಲಡಾಯಿ ನಡದಾಗ ಆರು ಮಂದಿ ಸಿಪಾಯಿಗಳು ಒಳಗ ಸಿಕ್ಕೊಂಡಿರ್ತಾರ, ಒಬ್ಬ ಸಾಯ್ತಾನ, ಉಳದವರಿಗೆ ಅವನ ದನಿ ಕೇಳ್ಲಿಕ್ಕ ಹತ್ತತದ, ಕಡೀಗೆ ಒಬ್ಬರನ್ನ ಕಂಡ್ರ ಒಬ್ಬರು ಅಂಜತಾರ. ಕಥಿ ಅದು.

"ದೆವ್ವದ ಸಿನಿಮಾ ಏನವ್ವಾ?" ಅಂತ ಕೇಳಿದೆ.

"ದೆವ್ವ ಹೊರಗಿಲ್ಲರಿ ಅಕ್ಕೋರೆ, ತಲಿಯೊಳಗದ" ಅಂದಳು.

ನನ್ನ ಕೈಯಾಗಿನ ಟೇಪು ಕೆಳಗ ಬಿತ್ತು. ಒಲ್ಲೆ ಅನ್ನಬೇಕಂತ ಬಾಯಿ ತನಕ ಬಂದಿತ್ತು. ಆದ್ರ ಆಕಿ ತಂದ ನಮೂನಿ ಅಂಗಿ ನೋಡಿದೆ, ಕಿಸೆ ಮ್ಯಾಲಾಗಿತ್ತು, ತೋಳು ಅಗಲ ಆಗಿತ್ತು. ಇಂಥಾ ಅಂಗಿ ಹಾಕಿಸಿ ನಿಮ್ಮ ಫೌಜಿನವರನ್ನ ನಾಲ್ಕು ಮಂದಿಗೆ ತೋರಸ್ತಾರಲ್ಲ ಅಂತ ಜೀವ ತಡೀಲಿಲ್ಲ. ಟ್ರಂಕಿನಿಂದ ನಿಮ್ಮ ಅಂಗಿ ತಗದು ಅಳತಿ ಹಿಡಕೊಂಡೆ. ಒಬ್ಬೊಬ್ಬರಿಗೆ ಮೂರ್ಮೂರು ಜೋಡಿ: ಹೊಸಾದು, ಹೊಲಸಾದದ್ದು, ಹರದದ್ದು. ಫೌಜಿನ್ಯಾಗ ಗುಂಡಿ ತಾವೇ ಹಚ್ಚಿಕೋತಾರಲ್ಲ, ಅದಕ್ಕ ಆರು ಮಂದಿ ಗುಂಡಿ ಆರು ಥರ ಹಚ್ಚಿದೆ. ಸಪ್ನಾ ಒಂದೊಂದು ಗುಂಡಿ ಬೆರಳಿಲೆ ಮುಟ್ಟಿ ನೋಡಿದಳು. ಆಮ್ಯಾಲ, "ಅಕ್ಕೋರೆ, ಶೂಟಿಂಗ್ ಮುಗಿಯೂ ತನಕ ನೀವು ನಮ್ಮ ಜೋಡಿ ಇರ್ರಿ" ಅಂದಳು.

ಹಿಂಗಾಗಿ ನಾ ದಿನಾ ಖಣಿಗೆ ಹೋದೆ. ನೀವು ನೋಡಿದ್ರ ನಗತಿದ್ರಿ. ಹಿಮ ಅಂತ ಸುಣ್ಣಗಲ್ಲಿನ ಬಿಳಿ ಪುಡಿ ಸುರುವಿದ್ರು, ಎಲ್ಲಾರೂ ಸೀನಿ ಸೀನಿ ಸಾಕಾದ್ರು. ರಕ್ತ ಅಂತ ಬೆಲ್ಲದ ಪಾಕಕ್ಕ ಬಣ್ಣ ಕಲಸಿ ಹಚ್ಚಿದ್ರು. ಸತ್ತಾವ ಆಗಿ ಮಲಗಿದ್ದ ಹುಡುಗಗ ಇರಿವಿ ಮುತ್ತಿ, ಅವ ಎದ್ದು ಕುಣದಾಡಿದ.

ಮುಂದಿನ ಮಾತು ಬರೀಲಿಕ್ಕೇ ನನಗ ಇಷ್ಟು ದಿನ ಹಿಡೀತು.

ವಾಡಿಯ ಶಾಂತಕುಮಾರ ಅಂತ ಒಬ್ಬ ಹುಡುಗ ಅದಾನ, ನಾಟಕ ಆಡಾವ. ಸಿನಿಮಾದಾಗ ಅವ ನಿದ್ದಿಯಿಂದ ಎದ್ದು, ಬಾಜೂ ಇದ್ದ ಗೆಳ್ಯಾನ್ನ ದುಷ್ಮನ್ ಅಂತ ತಿಳಿದು ಕುತ್ತಿಗಿ ಹಿಡೀತಾನ. ಮುಂಜಾನಿಯಿಂದ ಹತ್ತು ಸರ್ತಿ ಮಾಡಿಸಿದ್ರು. ಸಪ್ನಾ, "ಇನ್ನೂ ಸಿಟ್ಟು ಬರಲಿ, ಕಣ್ಣು ಕೆಂಪಾಗಲಿ, ರಾಕ್ಷಸ ಕಂಡಂಗ ಕಾಣಬೇಕು" ಅಂತ ಹೇಳ್ಲಿಕತ್ತಿದ್ದಳು. ಆ ಹುಡುಗ ಹಲ್ಲು ಕಡದ, ಕಣ್ಣು ತಿರುವಿದ. ನಾ ಮೂಲ್ಯಾಗ ಸೂಜಿ ದಾರ ಹಿಡಕೊಂಡು ಕುಂತಿದ್ದೆ. ನನಗೇ ಗೊತ್ತಿಲ್ಲದಂಗ ಬಾಯಿ ಬಿಟ್ಟೆ.

"ಹಾಂಗಿರಂಗಿಲ್ಲ ತಂಗಿ. ಸಿಟ್ಟಿರಂಗಿಲ್ಲ. ಅಂಜಿಕಿ ಇರ್ತದ."

ಎಲ್ಲಾರೂ ತಿರುಗಿ ನೋಡಿದ್ರು. "ನೀವು ನೋಡೀರಿ?" ಅಂದಳು ಸಪ್ನಾ.

"ನೋಡೀನಿ. ಒಂದು ಗೇಣು ದೂರದಿಂದ."

ಆಮ್ಯಾಲ ಹೇಳಿದೆ. ನಿಮ್ಮ ಹೆಸರು ಹೇಳಲಿಲ್ಲ, ನಮ್ಮ ಮನಿಯವರು ಅಂದೆ. ತೋಫಿನ ಗುಂಡು ಬಿದ್ದು ಬಂಕರಿನ ಬಾಯಿ ಮುಚ್ಚಿದ್ದು, ಒಳಗ ನೀವೂ ನಿಮ್ಮ ಜೋಡಿದಾರ ಕೊಡ್ಲಿ ಊರಿನ ಚಂದ್ರಾಮಪ್ಪಾವರೂ ಐದು ದಿನ ಉಳದದ್ದು, ಮೂರನೇ ದಿನ ಅವರು ತೀರಿಕೊಂಡದ್ದು. ನನಗ ಗೊತ್ತಿದ್ದದ್ದೇ ಅಷ್ಟು, ನೀವು ಹೇಳಿದ್ದೇ ಒಮ್ಮೆ, ಅದೂ ಗ್ವಾಡಿ ಕಡೆ ಮಾರಿ ಮಾಡಿ. ಪೆನ್ಶನ್ ಮ್ಯಾಲ ಮನಿಗೆ ಬಂದು ಮೂರು ವರ್ಷಕ್ಕ, ಆ ಬ್ಯಾಸಿಗಿ ಮಧ್ಯಾಹ್ನ, ಬಾಜೂ ಮನಿ ತಗಡಿನ ಮ್ಯಾಲ ಏನೋ ಧಡ್ ಅಂತ ಬಿದ್ದಾಗ ನಾ ನಿಮ್ಮನ್ನ ಎಬ್ಬಸ್ಲಿಕ್ಕ ಬಂದದ್ದನ್ನೂ ಹೇಳಿದೆ. ನಿಮ್ಮ ಕೈ ನನ್ನ ಕುತ್ತಿಗಿ ಮ್ಯಾಲಿತ್ತು ಖರೆ. ಆದ್ರ ನಾ ನೋಡಿದ್ದು ನಿಮ್ಮ ಮಾರಿ. ಸಂತ್ಯಾಗ ಅವ್ವನ ಕೈ ತಪ್ಪಿದ ಕೂಸಿನ ಮಾರಿ ಹೆಂಗಿರ್ತದ, ಹಾಂಗಿತ್ತು. ರಾಕ್ಷಸ ಎಲ್ಲಿತ್ರಿ ಅಲ್ಲಿ?

"ಮತ್ತ ಕೈ ಹೆಂಗ ಬಿಟ್ರು?" ಅಂತ ಶಾಂತಕುಮಾರ ಕೇಳಿದ.

ಅದನ್ನೂ ಹೇಳಿದೆ. ಆ ಹೊತ್ತಿಗೆ ನನಗ ಉಸಿರು ಸಿಗವಲ್ದಾಗಿತ್ತು, ಏನು ಅನ್ನಬೇಕು ತಿಳೀಲಿಲ್ಲ. ರಜಾಕ್ಕ ಸಿಕಂದರಾಬಾದಿನಿಂದ ಗಾಡಿ ಹತ್ತಿ ಬರ್ತಿದ್ರಲ್ಲ, ಅದೇ ಬಾಯಿಗೆ ಬಂತು. "ಸೇಡಂ ಹೋಯ್ತು, ಚಿತ್ತಾಪುರ ಹೋಯ್ತು, ವಾಡಿ ಬಂತು, ಶಹಾಬಾದ ಬಂತು, ಇಳೀರಿ" ಅಂದೆ. ಎರಡನೇ ಸರ್ತಿ ವಾಡಿ ಅನ್ನೂದ್ರಾಗ ನಿಮ್ಮ ಬೆರಳು ಸಡ್ಲಾದ್ವು.

ಆಮ್ಯಾಲ ಶಾಂತಕುಮಾರ ಮತ್ತೊಮ್ಮೆ ಮಾಡಿದ. ಈ ಸರ್ತಿ ಹಲ್ಲು ಕಡೀಲಿಲ್ಲ. ನನಗ ನೋಡ್ಲಿಕ್ಕಾಗದೆ ತಲಿ ಕೆಳಗ ಹಾಕಿದೆ.

ಮುಗದ ಮ್ಯಾಲ ಆ ಹುಡುಗ ಫೌಜಿನ ಅಂಗಿ ಸೈತ ಬಿಚ್ಚಲಿಲ್ಲ. ನನ್ನ ಹತ್ತಿರ ಬಂದು ಕುಂತ. ಚಾ ಕೊಟ್ಟೆ, ಒಂದೇ ಗುಟುಕಿಗೆ ಕುಡದ.

"ಅವ್ವಾ, ಅವರು ಈಗ ಎಲ್ಲದಾರ?"

"ಸೋಲಾಪುರದಾಗ. ಒಂದು ಗೋದಾಮು ಕಾಯ್ತಾರ. ಹನ್ನೊಂದು ವರ್ಷ ಆಯ್ತು."

"ಮನಿ ಬಿಟ್ಟು ಯಾಕ?"

"ನನಗೂ ಮಗಳಿಗೂ ಏನಾರ ಮಾಡಿಬಿಡ್ತೀನಿ ಅಂತ ಅಂಜಿ ಹೋದ್ರು. ವರ್ಷಕ್ಕೆರಡು ಸರ್ತಿ ಬರ್ತಾರ, ಊಟ ಮಾಡಿ ಸಂಜಿ ಗಾಡಿಗೇ ಹೊಳ್ಳಿ ಹೋಗ್ತಾರ."

ಅವ ಖಾಲಿ ಗ್ಲಾಸು ನೋಡಕೋತ ಕುಂತು, "ಮತ್ತ ಅಲ್ಲಿ ಎಚ್ಚರಾದಾಗ ಊರು ಬಂತು ಅಂತ ಅವರಿಗೆ ಯಾರು ಹೇಳ್ತಾರ?" ಅಂದ.

ಹನ್ನೊಂದು ವರ್ಷದಾಗ ನಾ ಮಿಷನ್ ತುಳದೆ, ಮಗಳನ್ನ ಓದಿಸಿದೆ, ಮಂದಿ ಕೇಳಿದ್ರ "ನೌಕರಿ ಮ್ಯಾಲ ಅದಾರ" ಅಂದೆ. ಈ ಒಂದು ಮಾತು ನನ್ನ ತಲ್ಯಾಗ ಬಂದಿರಲಿಲ್ಲ. ಆ ದಿನ ಮನಿಗೆ ಬಂದು ಐಶ್ವರ್ಯಾಗ ಎಲ್ಲಾ ಹೇಳಿದೆ. ಆಕಿಗೆ ಸಣ್ಣಾಕಿ ಇದ್ದಾಗಿಂದ ಅರ್ಧಾ ಗೊತ್ತಿತ್ತಂತ, ನಾ ಹೇಳ್ಲಿ ಅಂತ ಕಾಯ್ತಿದ್ದಳಂತ. "ಅವ್ವಾ, ಅಪ್ಪಂದು ಹುಚ್ಚಲ್ಲ, ಪಾಪಾನೂ ಅಲ್ಲ, ಬ್ಯಾನಿ" ಅಂದಳು. "ಇದಕ್ಕ ಔಷಧ ಅದ, ಕೂಡಿಸಿ ಮಾತಾಡಸೂ ಡಾಕ್ಟರು ಅದಾರ. ಅಪ್ಪಂದು ಕಾಲು ಮುರದಿದ್ರ ಹಿಂಗ ಗೋದಾಮಿನ್ಯಾಗ ಬಿಡ್ತಿದ್ದಿ ಏನು?" ಕಲಬುರಗಿಯಾಗ ಒಬ್ಬ ಡಾಕ್ಟರನ್ನ ಕೇಳಿಕೊಂಡೂ ಬಂದಾಳ. ಅವರು, ಕರಕೊಂಡು ಬರ್ರಿ, ಒಂದು ದಿನದಾಗ ಹೋಗೂದಲ್ಲ, ಆದ್ರ ಕಡಿಮಿ ಆಗ್ತದ, ಅಂದಾರಂತ.

ನಮ್ಮ ಮನಿ ಮಾತು ನಾ ಹೊರಗ ಹೇಳಿದ್ದು ತಪ್ಪು. ಅದಕ್ಕ ನಿಮ್ಮ ಬೈಗಳು ತಿಂತೀನಿ. ಆದ್ರ ಒಂದು ಮಾತು ನಿಮಗಂತ ಕಾಯ್ದಿಟ್ಟೀನಿ. ಗಾಡಿ ಊರುಗಳ ಹೆಸರು ಹೇಳಿ ಕೈ ಬಿಡಿಸಿದ್ದನ್ನ ಸಿನಿಮಾದಾಗ ಹಾಕಲ್ಯಾ ಅಂತ ಸಪ್ನಾ ಕೇಳಿದಳು. "ಅದು ನನ್ನೊಬ್ಬಾಕಿದಲ್ಲ. ಅವರನ್ನ ಕೇಳದ ಕೊಡಂಗಿಲ್ಲ" ಅಂದೆ. ಆಕಿ, "ಕೇಳ್ರಿ. ಬ್ಯಾಡಂದ್ರ ಬಿಡ್ತೀನಿ, ಸಿಟ್ಟಿಲ್ಲ" ಅಂದಾಳ. ನೀವು ಹೂಂ ಅನ್ರಿ, ಒಲ್ಲೆ ಅನ್ರಿ, ನಿಮ್ಮ ಮಾತೇ ಕಡೀದು.

ಅದನ್ನ ನೀವು ಫೋನಿನ್ಯಾಗ ಹೇಳೂದು ಬ್ಯಾಡ. 22ನೇ ತಾರೀಖಿಗೆ, ರವಿವಾರ, ನಾನೇ ಸೋಲಾಪುರಕ್ಕ ಬರ್ತೀನಿ. ಬರಬ್ಯಾಡ ಅನ್ನಬ್ಯಾಡ್ರಿ, ಕೇಳಂಗಿಲ್ಲ. ಸಜ್ಜಿ ರೊಟ್ಟಿ, ಶೇಂಗಾದ ಹಿಂಡಿ ತರ್ತೀನಿ. ಒಂದು ದಿನ ನಿಮ್ಮ ಗೋದಾಮು ನೋಡ್ತೀನಿ, ನೀವೆಲ್ಲಿ ಮಲಗ್ತೀರಿ, ಎಲ್ಲಿ ಕೂಡ್ತೀರಿ. ಹೊಳ್ಳಿ ಬರೂಮುಂದ ಇಬ್ಬರೂ ಕೂಡಿ ಬರೂಣು. ಸೋಮವಾರ 30ಕ್ಕ ಎಳ್ಳ ಅಮಾಸಿ ಅದ, ಮಗಳು ಅಪ್ಪನ ಜೋಡಿ ಕಾಳು ಪಲ್ಯೆ ಹಾಕಿದ ಹಬ್ಬದ ಭಜ್ಜಿ ಉಣಬೇಕಂತ ಹಟ ಹಿಡದಾಳ. ಮಿಷನ್ ಕೋಲಿ ಖಾಲಿ ಮಾಡಿ ನಿಮಗ ಮಂಚ ಹಾಕೀನಿ. ಬೇಕಂದ್ರ ಒಳಗಿನಿಂದ ಚಿಲಕ ಹಾಕಿಕೊಳ್ರಿ. ನಾ ಹೊರಗಿನಿಂದಾನೇ ಕರದು ಎಬ್ಬಸ್ತೀನಿ. ನಿಮಗ ಹೆಂಗ ಧೈರ್ಯ ಬರ್ತದ, ಹಾಂಗ ಇರೂಣು.

ಥಂಡಿ ಭಾಳ ಅದ, ಕಿವಿಗೆ ಅರಿವಿ ಕಟ್ಟಿಕೋರಿ. ಬಸವಣ್ಣ ನಿಮ್ಮನ್ನ ಛಲೋ ಇಡಲಿ.

ನಿಮ್ಮ
ಶಿವಗಂಗಾ

ತಾ.ಕ.: ಲಕೋಟಿ ಮುಚ್ಚಿ ಮತ್ತ ಬಿಚ್ಚೀನಿ. ನೀವು ಸೋಲಾಪುರಕ್ಕ ಹೊಂಟ ದಿನ ನಾ ಬಾಗಲದಾಗ ನಿಂತು "ಹೋಗಬ್ಯಾಡ್ರಿ" ಅಂತ ಅತ್ತೆ. ಓಣಿ ಮಂದಿ ನೋಡ್ಯಾರ, ನೀವೂ ನೋಡೀರಿ. ನೀವು ತಿರುವಿನ್ಯಾಗ ಕಾಣದಂಗ ಆದ ಮ್ಯಾಲ ನಾ ಒಳಗ ಬಂದು ಚಿಲಕ ಹಾಕಿ ಅಡ್ಡಾದೆ. ಅತ್ತು ಅತ್ತು ಸುಸ್ತಾಗಿ ಮಲಗಿದೆ ಅಂತ ಮಗಳಿಗೆ ಹೇಳಿದ್ದೆ. ಸುಳ್ಳು. ನನಗ ಭಾಳ ಛಲೋ ನಿದ್ದಿ ಬಂತು. ಎಷ್ಟೋ ತಿಂಗಳ ಮ್ಯಾಲ ಅಂಥಾ ನಿದ್ದಿ. ಎದ್ದಾಗ ಸಂಜಿ ಆಗಿತ್ತು, ನೀವು ಮನ್ಯಾಗಿಲ್ಲ ಅನ್ನೂದು ನೆನಪಾಗಿ ಮೊದಲ ಹಗುರ ಅನಿಸ್ತು, ಆಮ್ಯಾಲ ಅಳು ಬಂತು. ನೀವೊಬ್ಬರೇ ಅಂಜಿ ಹೋದ್ರಿ ಅಂತ ತಿಳಕೊಂಡೀರಿ. ನಾನೂ ಅಂಜಿದ್ದೆ, ಅದಕ್ಕ ನಿಮ್ಮ ಕೈ ಹಿಡದು ಜಗ್ಗಲಿಲ್ಲ, ಬರೇ ಬಾಯಿಲೆ ಬ್ಯಾಡಂದೆ. ನಿಮ್ಮನ್ನ ಕ್ಷಮಿಸಿ ಕರ್ಕೊಂಡು ಹೋಗ್ಲಿಕ್ಕ ಬರ್ಲಿಕತ್ತಾಳ ಅಂತ ತಿಳೀಬ್ಯಾಡ್ರಿ. ಆ ನಿದ್ದಿ ಮಾಡಿದ್ದಕ್ಕ ನಿಮ್ಮ ಕ್ಷಮಾ ಕೇಳ್ಲಿಕ್ಕ ಬರ್ಲಿಕತ್ತೀನಿ.