ಎಡ ಪಟ್ಟಾ, ಬಲ ಪಟ್ಟಾ

ಅಥಣಿ
೧೦-೧೧-೨೦೨೪

ಸರಿತಾಳ ಅವ್ವನಿಗೆ,

ನಾನು ಇಲ್ಲಿ ಸೌಖ್ಯ ಎಂದು ಬರೆದರೆ ನೀನು ನಗುತ್ತೀ, ಅದಕ್ಕೇ ಬರೆಯುವುದಿಲ್ಲ. ನಿನ್ನ ಅವ್ವನ ಮೊಣಕಾಲು ಹೇಗಿದೆ? ನಿನ್ನ ತಮ್ಮ ವಿಕ್ರಾಂತನನ್ನು ಕೇಳಿದೆನೆಂದು ಹೇಳು. ಯುಗಾದಿ ಮುಗಿಸಿ ನಾಲ್ಕು ದಿನಕ್ಕೆಂದು ಕೊಗನೊಳ್ಳಿಯ ತವರಿಗೆ ಹೋದವಳು ನೀನು, ಈಗ ದೀಪಾವಳಿಯೂ ಆಯಿತು. ಕಾಗದ ತಡವಾಯಿತು, ಬೈಯಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನು ಹರಿಯಲಿಕ್ಕಾದರೂ ಕೈಗೆ ತೆಗೆದುಕೊಳ್ಳಬೇಕಲ್ಲ.

ಒಂದು ಸುದ್ದಿ ಇದೆ. ನಮ್ಮ ಸರಿತಾಳ ಗೆಳತಿ, ಆ ನಿಪ್ಪಾಣಿಯ ರೂಪಾಲಿ, ಈಗ ಕೊಲ್ಲಾಪುರದಲ್ಲಿ ನಾಟಕದ ವೇಷ ಹೊಲಿಯುತ್ತಾಳೆ. ಹೋದ ತಿಂಗಳು ಮನೆಗೆ ಬಂದಿದ್ದಳು. ಎಲ್ಲೂ ಇಲ್ಲದ ಒಂದು ದೇಶ, ಅದಕ್ಕೊಬ್ಬಳು ರಾಣಿ, ಅವಳ ಸೊಂಟಕ್ಕೆ ತೊಗಲಿನ ಪಟ್ಟಾ ಬೇಕಂತೆ. ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಸಾವಿರದ ಮುನ್ನೂರು ವರ್ಷದ ಹಿಂದೆ ಜರ್ಮನಿ ಕಡೆಯ ಜನ ಕಟ್ಟುತ್ತಿದ್ದ ಪಟ್ಟಾ, ಗೋರಿಯಲ್ಲಿ ಸಿಕ್ಕಿದ್ದು. ಅದರ ಲೋಹದ ಬಕ್ಕಲಿನ ಮೇಲೆ ಎರಡು ಪ್ರಾಣಿ, ಒಂದರೊಳಗೊಂದು ಹೆಣೆದುಕೊಂಡು ಯಾವ ಬಾಲ ಯಾವುದರದೆಂದೇ ತಿಳಿಯುವುದಿಲ್ಲ.

"ತೊಗಲ ಎಲ್ಲೈತವ್ವಾ?" ಎಂದೆ.

"ಮಣ್ಣಾಗೇತ್ರಿ ಕಾಕಾ. ಲೋಹ ಅಷ್ಟ ಉಳದೈತಿ. ತೊಗಲ ನೀವ ಮಾಡ್ಬೇಕು."

ಬಕ್ಕಲು ಬಡಿದವನ ಕೆಲಸ ಗಾಜಿನ ಪೆಟ್ಟಿಗೆಯಲ್ಲಿದೆ, ತೊಗಲು ಹೆಣೆದವರದ್ದು ಮಣ್ಣುಪಾಲು. ಅಂದು ನನಗೆ ಊಟ ಸೇರಲಿಲ್ಲ.

ಆ ಪ್ರಾಣಿಗಳ ಹೆಣಿಗೆಯನ್ನು ತೊಗಲಿನಲ್ಲಿ ತರಬೇಕಿತ್ತು. ನಾನೇ ಕುಳಿತೆ. ಏಳು ಎಳೆ ಹಿಡಿದರೆ ಮೂರನೆಯದು ಜಾರುತ್ತದೆ. ತೊಗಲೇ ಸರಿಯಿಲ್ಲ ಎಂದೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಕಡೆಗೆ ನಿನ್ನ ತಗಡಿನ ಡಬ್ಬಿ ತೆರೆದೆ. ನೀನು ಹೋಗುವ ಮುಂಚೆ ಚಪ್ಪಲಿಗೆಂದು ಜಡೆಯಂತೆ ಹೆಣೆದಿಟ್ಟ ಎರಡು ವೇಣಿ ಅಲ್ಲಿದ್ದವು, ಎಡಕ್ಕೊಂದು, ಬಲಕ್ಕೊಂದು. ರೂಪಾಲಿ ಕೊಟ್ಟ ಬಕ್ಕಲಿನ ಪಕ್ಕ ಒಂದನ್ನು ಕೂಡಿಸಿದೆ ನೋಡು, ಆ ಪ್ರಾಣಿಗಳೇ ಬಂದು ಮಲಗಿದ ಹಾಗಾಯಿತು.

ಇನ್ನು ನಗುವ ಮಾತು. ಮೂವತ್ತು ವರ್ಷ ಚಪ್ಪಲಿ ಮಾಡಿದ ಕೈಚಟ, ಒಂದು ಕತ್ತರಿಸಿದೊಡನೆ ಅಚ್ಚನ್ನು ಮಗುಚಿಟ್ಟು ಇನ್ನೊಂದನ್ನೂ ಕತ್ತರಿಸಿದ್ದೆ. ಒಂದೊಂದು ವೇಣಿ ಕೂಡಿಸಿ ಎರಡು ಪಟ್ಟಾ ಮಾಡಿಟ್ಟಿದ್ದೆ, ಎಡದ್ದು, ಬಲದ್ದು! ಒಯ್ಯಲು ಬಂದ ರೂಪಾಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಾಕಾ, ಸೊಂಟಕ್ಕ ಎಡದ್ದ ಬಲದ್ದ ಅಂತ ಇರ್ತೈತೇನ್ರಿ? ರಾಣಿ ಒಬ್ಬಾಕೀನ ಅದಾಳ!"

"ನಮ್ಮ ಕೈಗೆ ಒಂಟಿ ಮಾಡೂದ ಗೊತ್ತಿಲ್ಲವ್ವಾ" ಎಂದೆ. ಬಲದ್ದನ್ನು ಅವಳು ಒಯ್ದಳು. ಎಡದ್ದು ನಿನ್ನ ಮಣೆಯ ಮೇಲಿನ ಗೂಟಕ್ಕೆ ತೂಗುತ್ತಿದೆ. ಕೆಲಸದ ನಡುವೆ ಈಗಲೂ ಆ ಕಡೆ ಕೈಚಾಚಿ "ಎಳಿ ಕೊಡ ಇಲ್ಲೆ" ಎನ್ನುತ್ತೇನೆ. ಆಮೇಲೆ ನಾನೇ ಎದ್ದು ತೆಗೆದುಕೊಳ್ಳುತ್ತೇನೆ. ನೀನು ಬರಬೇಕು ಅನ್ನಿಸುತ್ತದೆ. ಬಹಳ ಅನ್ನಿಸುತ್ತದೆ.

ಅತ್ತೆಯನ್ನು ಜೋಪಾನ ಮಾಡು. ನಿನ್ನ ಕೈ ನೂರು ವರ್ಷ ಗಟ್ಟಿಯಿರಲಿ.

ಇತಿ,
ಸರಿತಾಳ ಅಪ್ಪ
ಜ್ಞಾನದೇವ

ತಾ.ಕ.: ಮೊಣಕಾಲು ನೆಪವೆಂದು ನನಗೆ ಗೊತ್ತು. ಯುಗಾದಿಯ ಮುಂಚೆ ಚಿಕ್ಕೋಡಿಯ ಪ್ರದರ್ಶನದಲ್ಲಿ ಒಬ್ಬ ಸಾಹೇಬರು ನಮ್ಮ ಚಪ್ಪಲಿ ಎತ್ತಿ ಹಿಡಿದು, "ಈ ಹೆಣಿಗಿ ಯಾರದ್ರಿ?" ಎಂದು ಕೇಳಿದರು. ಹೆಂಡತಿಯ ಹೆಸರು ಬಾಯಿಗೆ ಬರಲಿಲ್ಲ. "ಕೆಲಸಕ್ಕ ಒಬ್ಬಾಕಿ ಬರ್ತಾಳ್ರಿ" ಎಂದುಬಿಟ್ಟೆ. ನೀನು ನನಗೆಂದು ಚಹಾ ಹಿಡಿದು ಹಿಂದೆಯೇ ನಿಂತಿದ್ದೆ. ಬರುವಾಗ ಬಸ್ಸಿನಲ್ಲಿ ನೀನು ಬೇರೆ ಸೀಟಿನಲ್ಲಿ ಕುಳಿತೆ. ತಪ್ಪು ನನ್ನದು.

ಮಾಡಿದವರ ಹೆಸರು ಪಟ್ಟಾದ ಒಳಬದಿಗೆ ಬೇಕೆಂದು ರೂಪಾಲಿ ಕೇಳಿದ್ದಳು. ನನ್ನದನ್ನು ಬರೆಯಲಿಲ್ಲ. ಎರಡರಲ್ಲೂ ಒಂದೇ ಹೆಸರು ಕೊರೆದೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಆ ಹೆಸರು ಬರೆದದ್ದು ಇದೇ ಮೊದಲ ಸಲ, ಒತ್ತಕ್ಷರ ತುಸು ಓರೆಯಾಗಿದೆ. ಬಂದು ನೋಡು, ಅಕ್ಕುತಾಯಿ.