ಬಿಸ್ಕತ್ತಿನ ಡಬ್ಬಿಯ ತೀರ್ಪು

ಹಾಲ್ಟರ್‌ಬಿ
ಏಪ್ರಿಲ್ ೧೧, ಗುರುವಾರ

ಮುದ್ದು ಮೆರಿಯಲ್‌ಗೆ,

ಚುನಾವಣೆಯಲ್ಲಿ ಸೋತರೂ ಕುತ್ತಿಗೆ ನೆಟ್ಟಗಿಟ್ಟುಕೊಂಡು ಓಡಾಡುತ್ತಿರುವ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಬೈಗುಳದ ಪತ್ರ ಬಂದು ಮೂರು ವಾರವಾಯಿತು. ಎಪ್ಪತ್ತೊಂದನೇ ವಯಸ್ಸಿಗೆ ಇದೆಂಥ ಮಂಗಾಟ, ಬಸ್ಸು ನಿಂತುಹೋದರೆ ಹಟ ಬಿಟ್ಟು ಅತ್ತೆಯನ್ನು ಕರೆದುಕೊಂಡು ಅಬರ್ಡೀನಿಗೆ ಬಂದುಬಿಡಿ ಎಂದು ನೀನು ಬರೆದಿದ್ದೆ. ನಾನು ಉತ್ತರ ಬರೆಯದೆ ಇದ್ದದ್ದು ಸೊಕ್ಕಿನಿಂದಲ್ಲ. ನಿನ್ನೆ ಮಧ್ಯಾಹ್ನದವರೆಗೂ ಏನು ಬರೆಯಬೇಕೆಂದು ನನಗೇ ಗೊತ್ತಿರಲಿಲ್ಲ. ಈಗ ಗೊತ್ತು. ಬಸ್ಸು ನಿಲ್ಲುವುದಿಲ್ಲ, ಮಗಳೇ. ನಾವು ಎಲ್ಲಿಗೂ ಬರುವುದಿಲ್ಲ. ಇವತ್ತು ಬೆಳಿಗ್ಗೆ ಎದ್ದಾಗ ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಇಳಿಸಿದ ಹಾಗಿತ್ತು. ಎರಡು ಮೊಟ್ಟೆ ಜಾಸ್ತಿ ತಿಂದೆ.

ಇನ್ನು ಕಥೆ ಕೇಳು. ನಮ್ಮ ಹೊಳೆಗೆ ಎರಡನೇ ಸೇತುವೆ ಕಟ್ಟುತ್ತೇವೆಂದು ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದಾರಲ್ಲ, ಎಲ್ಲ ಅಲ್ಲಿಂದ ಶುರು. ನೀಲಿ ಪಕ್ಷದವರು ಬಂದು ನಕ್ಷೆ ಬರೆಸಿದರು. ಕೆಂಪು ಪಕ್ಷದವರು ಬಂದು ಅದನ್ನು ಹರಿದು ಬೇರೆ ಬರೆಸಿದರು. ನೀಲಿಯವರು ಮತ್ತೆ ಬಂದು ಹರಿದ ಚೂರುಗಳನ್ನು ಅಂಟಿಸಲು ಲಂಡನ್ನಿನಿಂದ ತಜ್ಞರನ್ನು ಕರೆಸಿದರು. ಮಂತ್ರಿ ಬದಲಾದಾಗಲೆಲ್ಲ ಒಬ್ಬ ಹೆಲ್ಮೆಟ್ಟು ಹಾಕಿಕೊಂಡು ಬಂದು ದಂಡೆಯ ಮೇಲೆ ನಿಂತು, ಬರೀ ನೀರಿನ ಕಡೆ ಬೆರಳು ತೋರಿಸಿ ಫೋಟೋ ತೆಗೆಸಿಕೊಂಡು ಹೋಗುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಹಾಗೆ, ಸೇತುವೆಗೆ ಯಾವ ಹೆಸರಿಡಬೇಕೆಂದು ಎರಡು ವರ್ಷ ಜಗಳವಾಡಿದರು. ಇಲ್ಲಿಯವರೆಗೆ ಮೂರು ಕೋಟಿ ಎಂಬತ್ತು ಲಕ್ಷ ಪೌಂಡು ಮುಗಿದಿದೆ. ಇಟ್ಟಿಗೆ ಒಂದೂ ಬಿದ್ದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು, ನೋಡು.

ಜನವರಿಯಲ್ಲಿ ಮತ್ತೊಂದು ಅಧ್ಯಯನಕ್ಕೆ ಹಣ ಸಾಲದಾಯಿತು. ಕೌನ್ಸಿಲಿನವರು ಐವತ್ತಾರನೇ ನಂಬರಿನ ಬಸ್ಸಿಗೆ ಕೊಡುವ ಸಹಾಯಧನವನ್ನು ನಿಲ್ಲಿಸುವ ಯೋಚನೆ ಮಾಡಿದರು. ಹತ್ತೊಂಬತ್ತು ವರ್ಷದಲ್ಲಿ ಎರಡೂ ಪಕ್ಷದ ನಾಯಕರು ಕೈಕುಲುಕಿ ಒಪ್ಪಿಕೊಂಡ ಮೊದಲ ವಿಷಯ ಇದೇ.

ಆ ಬಸ್ಸು ನಮಗೇನೆಂದು ನಿನಗೆ ಗೊತ್ತು. ಸೋಮವಾರ, ಬುಧವಾರ, ಶುಕ್ರವಾರ ನಿನ್ನ ಅತ್ತೆ ಡೋರೀನಳ ಡಯಾಲಿಸಿಸ್. ನನ್ನ ಕಾರಿನ ಕೀಲಿಯನ್ನು ಕಣ್ಣಿನ ಡಾಕ್ಟರು ಕಿತ್ತುಕೊಂಡರು, ಅದೂ ಒಂದೇ ಒಂದು ಅಂಚೆಪೆಟ್ಟಿಗೆಗೆ ಗುದ್ದಿದ್ದಕ್ಕೆ. ಆಸ್ಪತ್ರೆಯ ವ್ಯಾನು ಊರೂರು ಸುತ್ತಿ ಎಲ್ಲರನ್ನೂ ತುಂಬಿಕೊಂಡು ಬಂದರೆ ಮನೆ ಸೇರುವಷ್ಟರಲ್ಲಿ ಅವಳು ಹಿಂಡಿದ ಬಟ್ಟೆಯ ಹಾಗಿರುತ್ತಾಳೆ. ಐವತ್ತಾರರಲ್ಲಾದರೆ ನಲವತ್ತು ನಿಮಿಷ.

ಪಬ್ಬಿನಲ್ಲಿ ನಾನು ನ್ಯಾಯವಾಗಿಯೇ ಮಾತಾಡಿದೆ. "ಈ ಎರಡು ಪಕ್ಷಕ್ಕಿಂತ ನಮ್ಮನೆ ಕೋಳಿ ವಾಸಿ ಕಣ್ರೋ, ದಿನಕ್ಕೊಂದು ಮೊಟ್ಟೆಯಾದ್ರೂ ಇಡುತ್ತೆ" ಎಂದೆ. ಗ್ಯಾರೇಜಿನ ಕೆನ್ ಟಾಟಮ್ ಇದ್ದಾನಲ್ಲ, ಲೋಟ ಕೆಳಗಿಟ್ಟು, "ಕೂಗೋದು ಸುಲಭ ಕಣೋ ಅರ್ನಿ. ನಮ್ ವಾರ್ಡಿನ ಸೀಟು ಖಾಲಿ ಇದೆ, ನಿಂತು ತೋರ್ಸು" ಎಂದ. "ನಿಲ್ತೀನಿ ಕಣೋ, ನಿಂತು ಗೆದ್ದೂ ತೋರಿಸ್ತೀನಿ" ಎಂದುಬಿಟ್ಟೆ. ನಾಮಪತ್ರಕ್ಕೆ ಇಬ್ಬರ ಸಹಿ ಇದ್ದರೆ ಸಾಕಂತೆ. ಕೆನ್ ಒಂದು ಹಾಕಿದ, ಬಾರಿನ ಹಿಂದಿದ್ದ ಮೌರೀನ್ ಇನ್ನೊಂದು ಹಾಕಿದಳು. ಹಿಂತೆಗೆದುಕೊಳ್ಳುವ ದಿನ ಕಳೆದ ಮೇಲೆ ಅತ್ತೆಗೆ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಳೆಯ ಹಸಿರು ಪರದೆ ಕತ್ತರಿಸಿ ಅಭ್ಯರ್ಥಿಗಳು ಕೋಟಿಗೆ ಸಿಕ್ಕಿಸಿಕೊಳ್ಳುವಂಥ ಒಂದು ದೊಡ್ಡ ಬಟ್ಟೆಯ ಹೂವು ಮಾಡಿಕೊಟ್ಟಳು. ಎಲೆಕೋಸಿನ ಹಾಗಿತ್ತು.

ಪ್ರಚಾರ ಹೇಗೆ ಮಾಡಿದೆ ಗೊತ್ತೇನು! ಹದಿನೈದಕ್ಕೆ ಶಾಲೆ ಬಿಟ್ಟವನು ಅವರ ಇನ್ನೂರು ಪುಟದ ವರದಿಯನ್ನು ಚೀಲದಲ್ಲಿ ಹೊತ್ತು ಮನೆಮನೆಗೆ ಹೋದೆ. ಬಾಗಿಲು ತೆಗೆದವರಿಗೆ, "ಇದೇ ನಿಮ್ಮ ಸೇತುವೆ, ಮೇಲೆ ನಿಂತು ನೋಡ್ತೀರಾ?" ಎಂದು ಮೆಟ್ಟಿಲ ಮೇಲಿಡುತ್ತಿದ್ದೆ. ಜನ ನಕ್ಕರು. ಆದರೆ ನಕ್ಕವರೆಲ್ಲ ಓಟು ಹಾಕುತ್ತಾರೆಂದು ನಂಬುವಷ್ಟು ದಡ್ಡ ನಾನಲ್ಲ. ಒಳಗೊಳಗೆ ನನ್ನ ಲೆಕ್ಕ ನಲವತ್ತು ಓಟು, ಹೆಚ್ಚೆಂದರೆ ಐವತ್ತು.

ನೀಲಿಯವರ ಪರವಾಗಿ ಜಾಸ್ಪರ್ ಹೆಸಲ್ಡೈನ್ ನಿಂತಿದ್ದ. ಬಸ್ಸಿನಲ್ಲಿ ಹೋಗುವವರು ನಾಲ್ಕು ಜನ, ಅದಕ್ಕೆ ಅಷ್ಟು ದೊಡ್ಡ ಬಸ್ಸೇಕೆ ಎಂದು ಪೇಪರಿನಲ್ಲಿ ಹೇಳಿಕೆ ಕೊಟ್ಟ ಪುಣ್ಯಾತ್ಮ. ಕೆಂಪಿನವರ ಪರವಾಗಿ ಬೆಥನಿ ಕ್ರೂ ಎಂಬ ಹುಡುಗಿ, ದನದ ಡಾಕ್ಟರ ಹತ್ತಿರ ನರ್ಸು, ಇಪ್ಪತ್ತೇಳು ವಯಸ್ಸು. ಫೆಬ್ರವರಿಯ ಹಿಮದಲ್ಲಿ ಒಂದು ದಿನ ಬಸ್ಸು ಕೆಟ್ಟು ನಿಂತಿತು. ಓಟು ಕೇಳಲು ನಮ್ಮ ಬಾಗಿಲಿಗೇ ಬಂದಿದ್ದ ಅವಳು, ಕೋಟು ಹಾಕಿಕೊಂಡು ಕೂತಿದ್ದ ಅತ್ತೆಯನ್ನು ನೋಡಿ, "ಬನ್ನಿ ಡೋರೀನ್, ನಾನ್ ಬಿಟ್ಬರ್ತೀನಿ" ಎಂದಳು. ಆ ಪುಟ್ಟ ಕಾರಿನ ತುಂಬ ಕರಪತ್ರ. ಅತ್ತೆ ಆಸ್ಪತ್ರೆಯವರೆಗೂ ಕೆಂಪು ಪಕ್ಷವನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಹಿಂದೆ ಕೂತಿದ್ದ ನಾನು ಸುಮ್ಮನಿರದೆ, "ಬಸ್ಸು ಉಳಿಸ್ತೀಯಾ?" ಎಂದು ಕೇಳಿದೆ. "ಮಾತು ಕೊಡಕ್ಕಾಗಲ್ಲ ಮಿಸ್ಟರ್ ಡ್ರಿಂಗ್, ನಮ್ ನಾಯಕರೇ ನಿಲ್ಲಿಸ್ಬೇಕು ಅಂತಿದಾರೆ. ಪ್ರಯತ್ನ ಪಡ್ತೀನಿ" ಎಂದಳು. ರಾಜಕಾರಣಿಯ ಬಾಯಲ್ಲಿ "ಆಗಲ್ಲ" ಎಂಬ ಪದ ಕೇಳಿ ನನಗೆ ಎಷ್ಟು ವರ್ಷವಾಗಿತ್ತೋ.

ಮಾರ್ಚ್ ಹದಿನಾಲ್ಕರಂದು ಪ್ರೈಮರಿ ಶಾಲೆಯಲ್ಲಿ ಮತದಾನ. ಮಕ್ಕಳ ಬಣ್ಣದ ಚಿತ್ರಗಳ ಕೆಳಗೆ, ದಾರ ಕಟ್ಟಿದ ಪೆನ್ಸಿಲಿನಲ್ಲಿ ಗುರುತು ಹಾಕಿದೆವು. ಅತ್ತೆ ಹೊರಗೆ ಬಂದು "ಆಯ್ತು" ಎಂದಳು. ನಾನೂ "ಆಯ್ತು" ಎಂದೆ. ದಾರಿಯಲ್ಲಿ ಮೀನು, ಆಲೂಗೆಡ್ಡೆ ಚಿಪ್ಸು ಕಟ್ಟಿಸಿಕೊಂಡು ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಕ್ರೀಡಾಂಗಣದ ಹಾಲಿನಲ್ಲಿ ಎಣಿಕೆ. ಕೆಟ್ಟುಹೋದ ಮತಪತ್ರಗಳನ್ನು ಅಭ್ಯರ್ಥಿಗಳಿಗೆ ಒಂದೊಂದಾಗಿ ತೋರಿಸುತ್ತಾರೆ. ಒಂದರಲ್ಲಿ "ಮೂವರೂ ಮನೆಗೆ ಹೋಗಿ" ಎಂದಿತ್ತು. ಒಂದರಲ್ಲಿ ಸೇತುವೆಯ ಚಿತ್ರ, ಅರ್ಧಕ್ಕೇ ನಿಂತದ್ದು. ಮತ್ತೊಂದರಲ್ಲಿ ನನ್ನ ಹೆಸರಿನ ಮುಂದೆ ಚೆಂದಾಗಿ ಗುರುತು, ಪಕ್ಕದಲ್ಲಿ "ಗೆದ್ದ ಮೇಲಾದರೂ ನನ್ನ ಏಣಿ ವಾಪಸ್ ಕೊಡು. ಕೆನ್" ಎಂಬ ಬರಹ. ಯಾರು ಹಾಕಿದ್ದೆಂದು ಗೊತ್ತಾಗುವ ಹಾಗೆ ಬರೆದರೆ ಓಟು ರದ್ದಂತೆ. ಹೆಸಲ್ಡೈನ್ ಮೊದಲ ಬಾರಿಗೆ ನಕ್ಕ.

ಆಮೇಲೆ ನಗಲಿಲ್ಲ. ಅವನಿಗೆ ಐನೂರ ತೊಂಬತ್ತೆಂಟು. ಬೆಥನಿಗೆ ಆರುನೂರ ಹನ್ನೊಂದು. ನನಗೆ, ಕುರ್ಚಿ ಹಿಡಿದುಕೊಂಡು ಓದು ಮೆರಿಯಲ್, ಆರುನೂರ ಹನ್ನೊಂದು! ಎರಡು ಸಲ ಮತ್ತೆ ಎಣಿಸಿದರೂ ಒಂದೇ ಸಂಖ್ಯೆ. ಸಮ ಬಂದರೆ ಚೀಟಿ ಎತ್ತುವುದು ಈ ದೇಶದ ಕಾನೂನು. ಚುನಾವಣಾಧಿಕಾರಿ ಗಂಭೀರವಾದ ಹೆಂಗಸು, ಎರಡು ಹೆಸರನ್ನು ಎರಡು ಲಕೋಟೆಯಲ್ಲಿಟ್ಟು ಅಂಟಿಸಿ, ಚಹಾದ ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿಸಿ ಅದರಲ್ಲಿ ಹಾಕಿದರು. ಅವರು ಡಬ್ಬಿ ಅಲ್ಲಾಡಿಸುವಾಗ ನಾನು ಹೊರಗೆ ಸುರಿದ ಬಿಸ್ಕತ್ತುಗಳನ್ನು ಒಂದಾದ ಮೇಲೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಗೆದ್ದರೆ ಆ ಇನ್ನೂರು ಪುಟದ ವರದಿಗಳನ್ನು ನಾನೇ ಓದಬೇಕು. ಸೋತರೆ, ಅತ್ತೆಯ ಬಸ್ಸು "ಪ್ರಯತ್ನ ಪಡ್ತೀನಿ" ಎಂದವಳ ಕೈಗೆ.

ಅಧಿಕಾರಿ ಒಂದು ಲಕೋಟೆ ಎತ್ತಿ ಹರಿದು ಓದಿದರು. ಬೆಥನಿ ಕ್ರೂ.

ನಾನು ಹೋಗಿ ಅವಳ ಕೈ ಕುಲುಕಿದೆ. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು. "ಮಗೂ, ನಿನ್ನ ಅರ್ಧ ಕುರ್ಚಿ ನನ್ನದು, ನೆನಪಿಟ್ಕೋ" ಎಂದೆ.

ನಿನ್ನ ಪತ್ರ ಬಂದ ಮೇಲಿನ ಈ ಮೂರು ವಾರ ಅತ್ತೆ ಮಲಗುವ ಕೋಣೆಯ ಕಪಾಟು ಖಾಲಿ ಮಾಡಿ, ಏನು ತೆಗೆದುಕೊಂಡು ಹೋಗುವುದು, ಏನು ಬಿಡುವುದು ಎಂದು ಎರಡು ರಾಶಿ ಮಾಡುತ್ತಿದ್ದಳು. ನಾನು ಕಂಡೂ ಕಾಣದ ಹಾಗೆ ಇದ್ದೆ.

ನಿನ್ನೆ ಬುಧವಾರ ಕೌನ್ಸಿಲಿನ ಸಭೆ. ನಾವು ಆಸ್ಪತ್ರೆಯಲ್ಲಿದ್ದೆವು. ಯಂತ್ರಕ್ಕೆ ಸೇರಿಸಿ ಎರಡು ಗಂಟೆಯಾಗಿತ್ತು, ಅತ್ತೆಯ ಫೋನು ಹೊಡೆದುಕೊಂಡಿತು. ಅವಳ ಒಂದು ಕೈ ಅಲ್ಲಾಡಿಸುವಂತಿಲ್ಲ, ನಾನು ಅವಳ ಕಿವಿಗೆ ಹಿಡಿದೆ. ಬೆಥನಿಯ ದನಿ ನನಗೂ ಕೇಳುತ್ತಿತ್ತು. "ಡೋರೀನ್, ನಿಮ್ ಬಸ್ಸು ಉಳೀತು. ಮೂರು ವರ್ಷಕ್ಕೆ. ಮೂವತ್ತು, ಇಪ್ಪತ್ತೊಂಬತ್ತು." ನನ್ನ ಆರುನೂರ ಹನ್ನೊಂದನ್ನು ನೋಡಿ ಎರಡೂ ಪಕ್ಷದ ಹಳ್ಳಿ ಕಡೆಯ ಸದಸ್ಯರಿಗೆ ನಡುಕ ಹುಟ್ಟಿ ಬಸ್ಸಿನ ಕಡೆ ವಾಲಿದ್ದರಂತೆ. (ಇದನ್ನು ಎರಡು ಸಲ ಓದು.) ಆದರೂ ಒಂದು ಕೈ ಕಡಿಮೆ ಇತ್ತು. ಆ ಕೈಯನ್ನು ಎತ್ತಿದವಳು ಬೆಥನಿ, ಪಕ್ಕದಲ್ಲೇ ಕೂತಿದ್ದ ತನ್ನ ನಾಯಕನ ಮೂಗಿನ ಕೆಳಗೆ. "ನಮ್ಮೋರು ಯಾರೂ ಮಾತಾಡಿಸ್ತಿಲ್ಲ. ಊಟಕ್ಕೆ ಯಾರ್ ಜೊತೆ ಕೂರ್ಲಿ?" ಎಂದು ನಗುತ್ತಿದ್ದಳು, ಅಳುತ್ತಲೂ ಇದ್ದಳು ಅನ್ನಿಸುತ್ತದೆ. "ಭಾನುವಾರ ನಮ್ಮನೆಗೆ ಬಾ ಮಗಳೇ, ಕುರಿ ಮಾಂಸ ಬೇಯಿಸ್ತೀನಿ" ಎಂದಳು ಅತ್ತೆ.

ಫೋನು ಇಟ್ಟ ಮೇಲೆ ಅತ್ತೆ ನರ್ಸನ್ನು ಕರೆದು ಇನ್ನೊಂದು ತುಂಡು ಟೋಸ್ಟ್ ಕೇಳಿದಳು, ಬೆಣ್ಣೆ ಧಾರಾಳವಾಗಿರಲಿ ಎಂದು. ಜನವರಿಯಿಂದ ಅವಳು ಏನನ್ನಾದರೂ ಕೇಳಿ ತಿಂದದ್ದು ಅದೇ ಮೊದಲು.

ಹೀಗೆ, ಸೋತೇ ಗೆದ್ದವನು ಈ ಜಿಲ್ಲೆಯಲ್ಲಿ ನಿನ್ನ ಮಾವನೊಬ್ಬನೇ. ಸೇತುವೆಯವರು ಮಾತ್ರ ಹೊಸ ನಕ್ಷೆಗೆ ಬೇರೆ ಕಡೆ ಹಣ ಹುಡುಕುತ್ತಿದ್ದಾರಂತೆ. ಹುಡುಕಲಿ, ನಮ್ಮ ಬಸ್ಸಿನ ತಂಟೆಗೆ ಬರದಿದ್ದರೆ ಸಾಕು. ಬೇಸಿಗೆಯಲ್ಲಿ ನೀನೇ ಬಾ. ಸ್ಟೇಷನ್ನಿನ ಎದುರಿನಿಂದಲೇ ಐವತ್ತಾರು ಹೊರಡುತ್ತದೆ.

ನಿನ್ನ ಪ್ರೀತಿಯ ಮಾವ,
ಅರ್ನಾಲ್ಡ್ ಡ್ರಿಂಗ್

ತಾ.ಕ.: ಇದನ್ನು ಓದಿ ಒಲೆಗೆ ಹಾಕು. ಮತಗಟ್ಟೆಯಲ್ಲಿ ನಾನು ಗುರುತು ಹಾಕಿದ್ದು ನನಗಲ್ಲ, ಬೆಥನಿಗೆ. ನಲವತ್ತು ಓಟಿನವನಿಗೆ ಹಾಕಿ ಯಾಕೆ ದಂಡ ಮಾಡಲಿ, ಹೆಸಲ್ಡೈನ್ ಬರದಿದ್ದರೆ ಸಾಕು ಎಂದು ಬುದ್ಧಿವಂತಿಕೆ ಮಾಡಿದೆ. ನನಗೇ ಹಾಕಿಕೊಂಡಿದ್ದರೆ ಡಬ್ಬಿಯೇ ಬೇಕಿರಲಿಲ್ಲ. ಚೀಟಿ ಎತ್ತುವಾಗ ಅಷ್ಟೊಂದು ಬಿಸ್ಕತ್ತು ತಿಂದದ್ದು ಅದಕ್ಕೇ. ಅತ್ತೆಗೆ ಗೊತ್ತಾದರೆ ನನ್ನ ಗತಿ ಮುಗಿಯಿತು. ಪಾಪ, ಅವಳು ನನಗೇ ಹಾಕಿದ್ದಾಳೆ.

ಮೆರಿಯಲ್, ಇಷ್ಟು ನಾನು ಬರೆಯುತ್ತಿರುವುದು. ಇವರ ಪತ್ರದ ಲಕೋಟೆ ಮುಚ್ಚಿ ಅಂಚೆಚೀಟಿ ಅಂಟಿಸುವುದು ಯಾವಾಗಲೂ ನಾನೇ ಎಂಬುದನ್ನು ಇವರು ನಲವತ್ತಾರು ವರ್ಷದಿಂದ ಮರೆಯುತ್ತಿದ್ದಾರೆ. ನಾನೂ ಬೆಥನಿಗೇ ಹಾಕಿದೆ. ಕೌನ್ಸಿಲಿನ ಸಭೆ ಇರುವುದು ಬುಧವಾರ. ಇವರು ಅಲ್ಲಿ ಹೋಗಿ ಕೂತರೆ, ಬಸ್ಸಿದ್ದರೂ ನನ್ನ ಪಕ್ಕದಲ್ಲಿ ಕೂರುವವರು ಯಾರು? ಇವರಿಗೆ ಹೇಳಬೇಡ. ಗೆಲ್ಲುತ್ತಿದ್ದೆ ಎಂದುಕೊಂಡು ಖುಷಿಯಾಗಿದ್ದಾರೆ.
ನಿನ್ನ ಅತ್ತೆ, ಡೋರೀನ್